ಕೊಳೆತುಹೋದ ಕಂಬಗಳನ್ನು ಆಕಾಶದಿಂದ ಓದುವುದು ಹೇಗೆ: ಇತಿಹಾಸಪೂರ್ವ ಮರದ ಸ್ಮಾರಕಗಳ ಅಧ್ಯಯನಕ್ಕೆ ಸಮಗ್ರ ಮಾರ್ಗದರ್ಶಿ

ರಾಗಿ ಹೊಲದಲ್ಲಿ ಒಂದು ಕಡೆ ಮಾತ್ರ ಪೈರು ಕಪ್ಪಗೆ, ಎತ್ತರಕ್ಕೆ ಎದ್ದು ನಿಂತಿರುತ್ತದೆ. ಯಾಕೆ ಅಂತ ಊರಿನ ಹಿರಿಯರನ್ನು ಕೇಳಿ. "ಅಲ್ಲಿ ಮೊದಲು ತಿಪ್ಪೆಗುಂಡಿ ಇತ್ತಲ್ಲ" ಅನ್ನುತ್ತಾರೆ. ಗುಂಡಿ ಮುಚ್ಚಿ ಎಷ್ಟೋ ವರ್ಷವಾಗಿರುತ್ತದೆ, ಮೇಲೆ ಹತ್ತಾರು ಸಲ ನೇಗಿಲು ಓಡಿರುತ್ತದೆ. ಆದರೂ ಮಳೆ ಕೈಕೊಟ್ಟ ವರ್ಷ ಆ ಜಾಗ ತಾನಾಗಿಯೇ ಎದ್ದು ಕಾಣುತ್ತದೆ.

ಇಂಗ್ಲೆಂಡಿನ ಗೋಧಿ ಹೊಲಗಳಲ್ಲೂ ಇದೇ ನಡೆಯುತ್ತದೆ. ಅಲ್ಲಿನ ಗುಂಡಿಗಳಲ್ಲಿ ಕೆಲವು 4,500 ವರ್ಷ ಹಳೆಯವು, ಅಷ್ಟೆ. ದೊಡ್ಡ ದೊಡ್ಡ ಓಕ್ ಮರದ ಕಂಬಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಲು ತೋಡಿದ ಗುಂಡಿಗಳು ಅವು. ಮರ ಕೊಳೆತು ಮಣ್ಣಾಗಿದೆ. ನೆಲದ ಮೇಲೆ ನಿಂತರೆ ಏನೂ ಕಾಣುವುದಿಲ್ಲ. ಬೇಸಿಗೆಯ ಒಂದೆರಡು ವಾರ ಮಾತ್ರ ಮೇಲಿನಿಂದ ನೋಡಿದವರಿಗೆ ಇಡೀ ನಕ್ಷೆ ತೆರೆದುಕೊಳ್ಳುತ್ತದೆ.

ಇದನ್ನು ಓದಲು ಕಲಿಯಬೇಕು ಅನ್ನುವವರಿಗಾಗಿ ಈ ಮಾರ್ಗದರ್ಶಿ. ವಿಮಾನ ಬೇಕಿಲ್ಲ. ಕಂಪ್ಯೂಟರ್, ಇಂಟರ್ನೆಟ್, ತಾಳ್ಮೆ ಇದ್ದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುತ್ತದೆ. ಉದಾಹರಣೆಗಳು ಬ್ರಿಟನ್, ಐರ್ಲೆಂಡ್, ಜರ್ಮನಿಯವು, ಯಾಕೆಂದರೆ ಈ ವಿದ್ಯೆ ಬೆಳೆದದ್ದೇ ಅಲ್ಲಿ.

ಮೊದಲು ಒಂದು ಕಥೆ

1925ರ ಡಿಸೆಂಬರ್. ಬ್ರಿಟನ್ನಿನ ವಾಯುಪಡೆಯ ಪೈಲಟ್ ಗಿಲ್ಬರ್ಟ್ ಇನ್ಸಾಲ್ ಸ್ಟೋನ್‌ಹೆಂಜ್ ಹತ್ತಿರ ಹಾರುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಯೋಧ ಆತ. ಕೆಳಗೆ ಉತ್ತ ಹೊಲವೊಂದರಲ್ಲಿ ಒಂದು ವೃತ್ತ, ಅದರ ಒಳಗೆ ಬಿಳಿ ಚುಕ್ಕೆಗಳು ಕಂಡವು. ಆ ಜಾಗ ಜನರಿಗೆ ಗೊತ್ತಿಲ್ಲದ್ದೇನಲ್ಲ. ನೇಗಿಲಿಗೆ ಸಿಕ್ಕಿ ಚಪ್ಪಟೆಯಾದ ಹಳೆಯ ಸಮಾಧಿ ದಿಬ್ಬ ಅಂತ ಎಲ್ಲರೂ ಅಂದುಕೊಂಡಿದ್ದರು. ಇನ್ಸಾಲ್ ಅಷ್ಟಕ್ಕೇ ಬಿಡಲಿಲ್ಲ. 1926ರ ಜುಲೈನಲ್ಲಿ ಗೋಧಿ ಬೆಳೆದು ನಿಂತಾಗ ಮತ್ತೆ ಹೋಗಿ ಫೋಟೋ ತೆಗೆದರು. ಅದರಲ್ಲಿ ಒಂದರೊಳಗೆ ಒಂದು ಸುತ್ತು, ಸುತ್ತಿನ ತುಂಬ ಕಪ್ಪು ಚುಕ್ಕೆಗಳು ಸ್ಪಷ್ಟವಾಗಿ ಬಂದವು.

ಮಾಡ್ ಮತ್ತು ಬೆನ್ ಕನಿಂಗ್‌ಟನ್ ದಂಪತಿ ಅಲ್ಲಿ ಅಗೆದರು. ಆರು ಸುತ್ತುಗಳಲ್ಲಿ 168 ಕಂಬದ ಗುಂಡಿಗಳು ಸಿಕ್ಕವು. ಆ ಜಾಗಕ್ಕೆ ವುಡ್‌ಹೆಂಜ್ ಅಂತ ಹೆಸರಾಯಿತು. ಇವತ್ತು ಅಲ್ಲಿ ಹೋದರೆ ಪ್ರತಿ ಗುಂಡಿಯ ಜಾಗದಲ್ಲೂ ಒಂದೊಂದು ಗಿಡ್ಡ ಕಾಂಕ್ರೀಟ್ ಕಂಬ ಕಾಣುತ್ತದೆ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಕಣ್ಣಿಗೆ ಬಿದ್ದ ಆ ಗಳಿಗೆಯಲ್ಲ. ಇನ್ಸಾಲ್ ಏಳು ತಿಂಗಳು ಕಾದದ್ದು, ಬೇರೆ ಕಾಲದಲ್ಲಿ ಮತ್ತೆ ಹೋಗಿ ನೋಡಿದ್ದು. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಇದರ ಮೇಲೇ ನಿಂತಿವೆ.

ಹೆಜ್ಜೆ 1: ಏನನ್ನು ಹುಡುಕುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಮರದ ಸ್ಮಾರಕ ಅಂದರೆ ಒಂದೇ ಬಗೆಯಲ್ಲ. ಹೆಚ್ಚಾಗಿ ಸಿಗುವವು ನಾಲ್ಕು.

ಮೊದಲನೆಯದು ಕಂಬಗಳ ವೃತ್ತ. ವುಡ್‌ಹೆಂಜ್ ಇದಕ್ಕೆ ಒಳ್ಳೆಯ ಉದಾಹರಣೆ. ಸುತ್ತ ಕಂದಕ ಇರಬಹುದು, ಇಲ್ಲದೆಯೂ ಇರಬಹುದು. ನಾರ್ವಿಚ್ ಹತ್ತಿರದ ಆರ್ಮಿಂಗ್‌ಹಾಲ್ ಇದೇ ಗುಂಪಿನದು. 1929ರಲ್ಲಿ ಅದನ್ನು ಗುರುತಿಸಿದ್ದೂ ಇನ್ಸಾಲ್ ಅವರೇ. ಅಲ್ಲಿ ಎಂಟು ಕಂಬಗಳು ಪೂರ್ತಿ ವೃತ್ತವಾಗದೆ ಕುದುರೆ ಲಾಳದ ಆಕಾರದಲ್ಲಿವೆ.

ಎರಡನೆಯದು ದೊಡ್ಡ ಬಯಲನ್ನು ಸುತ್ತುವರಿದ ಕಂಬದ ಬೇಲಿ. ಸ್ಕಾಟ್ಲೆಂಡಿನ ಡನ್‌ರಾಗಿಟ್ ಮತ್ತು ಫೋರ್ಟಿವಿಯಟ್, ವೇಲ್ಸ್‌ನ ಹಿಂಡ್‌ವೆಲ್ ಈ ಬಗೆಯವು. ಹಿಂಡ್‌ವೆಲ್ ಬೇಲಿಯ ಒಳಗೆ ಸುಮಾರು 34 ಹೆಕ್ಟೇರ್ ಜಾಗವಿದೆ. ನಮ್ಮ ಲೆಕ್ಕದಲ್ಲಿ 84 ಎಕರೆ!

ಮೂರನೆಯದು ಉದ್ದಕ್ಕೆ ಎರಡು ಸಾಲು ಕಂಬ ನೆಟ್ಟು ಮಾಡಿದ ಓಣಿ. ಇದನ್ನು ಕರ್ಸಸ್ ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಇವು ಜಾಸ್ತಿ. ನಾಲ್ಕನೆಯದು ಮರದಿಂದ ಕಟ್ಟಿದ, ಉದ್ದಕ್ಕಿರುವ ದೊಡ್ಡ ಸಭಾಮನೆ.

ಇವೆಲ್ಲದರಲ್ಲೂ ನಿಮಗೆ ಸಿಗುವುದು ಗುಂಡಿ ಮಾತ್ರ, ಮರವಲ್ಲ. ಗುಂಡಿಯಿಂದ ಕಂಬವನ್ನು ಊಹಿಸುವ ಕೆಲಸ ನಮ್ಮ ಕಡೆಯೂ ನಡೆದಿದೆ. ರೇಮಂಡ್ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬ ಅಗೆದಾಗ, ನವಶಿಲಾಯುಗದ ದನದ ದೊಡ್ಡಿಯ ಬೇಲಿ ತಿಳಿದದ್ದು ಸಾಲು ಸಾಲಾದ ಕಂಬದ ಕುಳಿಗಳಿಂದಲೇ. ಆದರೆ ಅದು ಅಗೆದು ಕಂಡದ್ದು, ಮೇಲಿನಿಂದ ನೋಡಿ ಕಂಡದ್ದಲ್ಲ.

ಹೆಜ್ಜೆ 2: ಪೈರು ಯಾಕೆ ಬಣ್ಣ ಬದಲಿಸುತ್ತದೆ ಅಂತ ಸರಿಯಾಗಿ ಅರ್ಥ ಮಾಡಿಕೊಳ್ಳಿ

ಇಲ್ಲಿ ಆತುರ ಬೇಡ. ಇದೊಂದು ಗಟ್ಟಿಯಾದರೆ ಮುಂದಿನದೆಲ್ಲ ಸಲೀಸು.

ಸುಣ್ಣಕಲ್ಲಿನ ನೆಲವೋ ಗರಸು ನೆಲವೋ ಅಂದುಕೊಳ್ಳಿ. ಮೇಲೆ ಅರ್ಧ ಅಡಿ, ಒಂದು ಅಡಿ ಮಣ್ಣು. ಅದರ ಕೆಳಗೆ ಗಟ್ಟಿ ಪದರ. ಆ ಪದರದಲ್ಲಿ ಯಾರೋ ಎರಡು ಮೀಟರ್ ಆಳದ ಗುಂಡಿ ತೋಡಿ ಕಂಬ ನೆಟ್ಟರು. ಕಂಬ ಕೊಳೆಯಿತು, ಗುಂಡಿಯಲ್ಲಿ ಮಣ್ಣು ತುಂಬಿತು. ಈ ಮಣ್ಣು ಸುತ್ತಲಿನ ಕಲ್ಲು, ಗರಸಿಗಿಂತ ಮೃದು, ಅದಕ್ಕಿಂತ ಆಳ. ನೀರನ್ನು ಹೆಚ್ಚು ದಿನ ಹಿಡಿದಿಟ್ಟುಕೊಳ್ಳುತ್ತದೆ.

ಮಳೆ ಚೆನ್ನಾಗಿದ್ದರೆ ಇಡೀ ಹೊಲ ಒಂದೇ ಹಸಿರು. ಮಳೆ ನಿಂತು ನೆಲ ಒಣಗಿದಾಗ ಬೇರಿಗೆ ನೀರು ಸಿಗುವುದು ಗುಂಡಿಯ ಮೇಲಿನ ಗಿಡಗಳಿಗೆ ಮಾತ್ರ. ಅವು ಎತ್ತರವಾಗಿ, ದಟ್ಟ ಹಸಿರಾಗಿ ಉಳಿಯುತ್ತವೆ. ಸುತ್ತಲಿನ ಪೈರು ಹಳದಿಯಾಗಿ ಬೇಗ ಮಾಗುತ್ತದೆ. ಮೇಲಿನಿಂದ ನೋಡಿದರೆ ಹೊನ್ನಿನ ಬಣ್ಣದ ಹೊಲದಲ್ಲಿ ಹಸಿರು ಚುಕ್ಕೆಗಳು. ಇದನ್ನೇ ಬೆಳೆ ಗುರುತು ಅನ್ನುತ್ತೇವೆ.

ಇದರ ಉಲ್ಟಾ ಕೂಡ ಉಂಟು. ಮಣ್ಣಿನ ಕೆಳಗೆ ಕಲ್ಲಿನ ಗೋಡೆ ಇದ್ದರೆ ಅದರ ಮೇಲಿನ ಪೈರು ಗಿಡ್ಡವಾಗಿ ಬೇಗ ಒಣಗುತ್ತದೆ. ಮರದ ಸ್ಮಾರಕ ಹುಡುಕುವವರಿಗೆ ಬೇಕಾದದ್ದು ಮೊದಲನೆಯ ಬಗೆ, ಹಸಿರು ಚುಕ್ಕೆ.

ಚಳಿಗಾಲದಲ್ಲಿ ಉತ್ತ ಹೊಲದಲ್ಲಿ ಮಣ್ಣಿನ ಬಣ್ಣವೇ ಬೇರೆಯಾಗಿ ಕಾಣುವುದುಂಟು. ಇದು ಮಣ್ಣಿನ ಗುರುತು. ಇನ್ಸಾಲ್ ಡಿಸೆಂಬರಿನಲ್ಲಿ ಮೊದಲು ನೋಡಿದ್ದು ಇದನ್ನೇ. ಇಳಿಬಿಸಿಲಿನ ನೆರಳಿನಲ್ಲಿ ತಗ್ಗು ದಿಬ್ಬಗಳೂ ಕಾಣುತ್ತವೆ. ಆದರೆ ಕಂಬದ ಗುಂಡಿಗೆ ನೆರಳು ಬೀಳುವಷ್ಟು ತಗ್ಗು ಉಳಿದಿರುವುದಿಲ್ಲ.

ಇನ್ನೊಂದು ಮಾತು. ಗುಂಡಿ ದೊಡ್ಡದಿರಬೇಕು. ಅಂಗೈ ಅಗಲದ ಗೂಟದ ಕುಳಿ ಬೆಳೆಯಲ್ಲಿ ಕಾಣುವುದು ತೀರಾ ಅಪರೂಪ. ಒಂದು ಮೀಟರ್ ಆಸುಪಾಸಿನ ಅಗಲವಿದ್ದರೆ ಅವಕಾಶ ಚೆನ್ನಾಗಿದೆ. ಅದಕ್ಕೇ ಆಕಾಶದಿಂದ ಸಿಕ್ಕಿರುವ ಮರದ ಸ್ಮಾರಕಗಳೆಲ್ಲ ದೊಡ್ಡ ಕಂಬದವು. ಸಣ್ಣ ಕಂಬದವು ಇರಲೇ ಇಲ್ಲ ಅಂತ ಇದರ ಅರ್ಥವಲ್ಲ.

ಹೆಜ್ಜೆ 3: ನೆಲ ಮತ್ತು ಬೆಳೆ ಆರಿಸಿಕೊಳ್ಳಿ

ನೀರು ಬೇಗ ಬಸಿದುಹೋಗುವ ನೆಲ ಬೇಕು. ನದಿ ಪಕ್ಕದ ಗರಸು ದಿಣ್ಣೆ, ಮರಳು ನೆಲ, ದಕ್ಷಿಣ ಇಂಗ್ಲೆಂಡಿನ ಬಿಳಿ ಸುಣ್ಣಕಲ್ಲಿನ ನೆಲ ಒಳ್ಳೆಯವು. ಜೇಡಿಮಣ್ಣು ಕಷ್ಟ. ನದಿ ತಂದು ಹಾಕಿದ ಮೆಕ್ಕಲು ದಪ್ಪಗಿದ್ದರೆ ಕೆಳಗೆ ಏನಿದ್ದರೂ ಮೇಲೆ ಸುಳಿವಿಲ್ಲ.

ಬೆಳೆಗಳಲ್ಲಿ ಬಾರ್ಲಿ, ಗೋಧಿ, ಓಟ್ಸ್ ಮೊದಲ ಸಾಲಿನವು. ಹುಲ್ಲುಗಾವಲು ಬಾಯಿ ಬಿಡುವುದು ಭಾರಿ ಬರ ಬಂದಾಗ ಮಾತ್ರ.

ಹೀಗಾಗಿ ಮೊದಲ ಅಭ್ಯಾಸಕ್ಕೆ ಒಂದೇ ನದಿ ಕಣಿವೆ ತೆಗೆದುಕೊಳ್ಳಿ. ಇಡೀ ದೇಶ ಸುತ್ತಲು ಹೋದರೆ ಕಣ್ಣು ದಣಿಯುತ್ತದೆ, ಕೈಗೆ ಏನೂ ಸಿಗುವುದಿಲ್ಲ.

ಹೆಜ್ಜೆ 4: ಬರದ ವರ್ಷ ಹುಡುಕಿ

ಬ್ರಿಟನ್ನಿನಲ್ಲಿ ಬೆಳೆ ಗುರುತಿನ ಕಾಲ ಮೇ ಕೊನೆಯಿಂದ ಜುಲೈ ಕೊನೆಯವರೆಗೆ. ಕೆಲವು ವರ್ಷ ಆಗಸ್ಟಿಗೂ ಎಳೆಯುತ್ತದೆ. ಆದರೆ ಎಲ್ಲ ವರ್ಷವೂ ಒಂದೇ ಥರ ಇರುವುದಿಲ್ಲ. 1976 ಮತ್ತು 2018ರ ಒಣ ಬೇಸಿಗೆಗಳು ಈ ಕ್ಷೇತ್ರದವರ ಬಾಯಲ್ಲಿ ಇಂದಿಗೂ ಇವೆ. ರೈತರಿಗೆ ಕಷ್ಟ ತಂದ ಬರಗಳವು. ನೆಲದಡಿಯ ಗುರುತುಗಳು ಸಾಲುಸಾಲಾಗಿ ಹೊರಬಿದ್ದದ್ದೂ ಆಗಲೇ.

2018ರ ಜುಲೈ 10ರಂದು ಐರ್ಲೆಂಡಿನ ಬಾಯ್ನ್ ಕಣಿವೆಯಲ್ಲಿ, ನ್ಯೂಗ್ರೇಂಜ್ ಸಮಾಧಿಯ ಹತ್ತಿರ, ಆಂಟನಿ ಮರ್ಫಿ ಮತ್ತು ಕೆನ್ ವಿಲಿಯಮ್ಸ್ ಡ್ರೋನ್ ಹಾರಿಸಿದರು. ಯಾರಿಗೂ ಗೊತ್ತಿಲ್ಲದ ದೊಡ್ಡದೊಂದು ವೃತ್ತ ಹೊಲದಲ್ಲಿ ಮೂಡಿತ್ತು. ಜನ ಅದನ್ನು ಡ್ರೋನ್‌ಹೆಂಜ್ ಅಂತಲೇ ಕರೆಯತೊಡಗಿದರು. ನೂರಾರು ವರ್ಷಗಳಿಂದ ಪಂಡಿತರು ಓಡಾಡಿದ ಕಣಿವೆ ಅದು! ಕಾದದ್ದು ಬರ ಒಂದಕ್ಕೆ.

ನೀವು ಮಾಡಬೇಕಾದದ್ದು ಇಷ್ಟು. ನಿಮ್ಮ ಕಣಿವೆಯ ಹಳೆಯ ಮಳೆ ಲೆಕ್ಕ ತೆಗೆಯಿರಿ. ವಸಂತದಲ್ಲೂ ಬೇಸಿಗೆಯ ಆರಂಭದಲ್ಲೂ ಮಳೆ ಕಮ್ಮಿಯಾದ ವರ್ಷಗಳನ್ನು ಗುರುತು ಹಾಕಿ, ಆ ವರ್ಷಗಳ ಫೋಟೋಗಳನ್ನೇ ಮೊದಲು ತೆರೆಯಿರಿ. 2015ರಿಂದ ಈಚೆಗಾದರೆ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ. ಅದರ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಅಗಲ. ಹಾಗಾಗಿ ಕಂಬದ ಗುಂಡಿ ಅದರಲ್ಲಿ ಕಾಣುವ ಮಾತೇ ಇಲ್ಲ. ಆದರೆ ಯಾವ ಹೊಲ ಯಾವ ವಾರ ಬಾಡತೊಡಗಿತು ಅಂತ ತಿಳಿಯಲು ಸಾಕು.

ಹೆಜ್ಜೆ 5: ಫೋಟೋ ಕೂಡಿಸಿ

ಎರಡು ಬಗೆಯ ಫೋಟೋಗಳು ಸಿಗುತ್ತವೆ. ನೆಟ್ಟಗೆ ಕೆಳಕ್ಕೆ ತೆಗೆದವು ಒಂದು. ಇವನ್ನು ಭೂಪಟಕ್ಕಾಗಿ ಸಾಲಾಗಿ ತೆಗೆದಿರುತ್ತಾರೆ. ಸಾಮಾನ್ಯವಾಗಿ ಒಂದರ ಮೇಲೆ ಒಂದು ಶೇ. 60ರಷ್ಟು ಕವಿದಿರುತ್ತವೆ, ಹಾಗಾಗಿ ಜೋಡಿ ಇಟ್ಟು ನೋಡಿದರೆ ಉಬ್ಬುತಗ್ಗು ತಿಳಿಯುತ್ತದೆ. ಓರೆಯಾಗಿ ತೆಗೆದವು ಇನ್ನೊಂದು. ಸಣ್ಣ ವಿಮಾನದ ಕಿಟಕಿಯಿಂದ ಪುರಾತತ್ವದವರೇ ಬೇಕೆಂದು ತೆಗೆದ ಚಿತ್ರಗಳಿವು. ಓರೆ ಚಿತ್ರದಲ್ಲಿ ಗುರುತು ಎದ್ದು ಕಾಣುತ್ತದೆ, ಅಳತೆಗೆ ಕಷ್ಟ. ನೆಟ್ಟಗಿನ ಚಿತ್ರ ಅಳತೆಗೆ ಸುಲಭ, ಆದರೆ ತೆಗೆದವರು ನಿಮ್ಮ ಸ್ಮಾರಕದ ಬಗ್ಗೆ ಯೋಚಿಸಿಯೇ ಇರುವುದಿಲ್ಲ. ಎರಡೂ ಬೇಕು.

ಎಲ್ಲಿ ಸಿಗುತ್ತವೆ? ಇಂಗ್ಲೆಂಡಿಗೆ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಏರಿಯಲ್ ಫೋಟೋ ಎಕ್ಸ್‌ಪ್ಲೋರರ್ ಇದೆ. 2021ರಲ್ಲಿ ಶುರುವಾದಾಗಲೇ ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಚಿತ್ರಗಳಿದ್ದವು. ಸ್ಕಾಟ್ಲೆಂಡಿಗೆ ಟ್ರೋವ್ ಡಾಟ್ ಸ್ಕಾಟ್, ವೇಲ್ಸ್‌ಗೆ ಕಾಫ್ಲೈನ್. ಎಡಿನ್‌ಬರೋದಲ್ಲಿ ನ್ಯಾಷನಲ್ ಕಲೆಕ್ಷನ್ ಆಫ್ ಏರಿಯಲ್ ಫೋಟೋಗ್ರಫಿ ಇದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಗ್ರಹವೂ ದೊಡ್ಡದು. ಜೆ. ಕೆ. ಸೇಂಟ್ ಜೋಸೆಫ್ ದಶಕಗಳ ಕಾಲ ಹಾರಾಡಿ ಅದನ್ನು ಕಟ್ಟಿದರು. ಇವುಗಳ ಜೊತೆಗೆ ಗೂಗಲ್ ಅರ್ಥ್ ಪ್ರೊ. ಅದರಲ್ಲಿ ಗಡಿಯಾರದ ಗುರುತು ಒತ್ತಿದರೆ ಹಿಂದಿನ ವರ್ಷಗಳ ಚಿತ್ರಗಳು ಒಂದೊಂದಾಗಿ ಬರುತ್ತವೆ.

ಒಂದು ಅಭ್ಯಾಸ ಮೊದಲ ದಿನದಿಂದಲೇ ಇರಲಿ. ಪ್ರತಿ ಚಿತ್ರಕ್ಕೂ ತಾರೀಖು, ಸಂಗ್ರಹದ ಸಂಖ್ಯೆ, ಹೊಲದಲ್ಲಿದ್ದ ಬೆಳೆ, ಬೆಳೆ ಎಷ್ಟು ಮಾಗಿತ್ತು ಇಷ್ಟನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ತಾರೀಖಿಲ್ಲದ ಚಿತ್ರ ಅರ್ಧ ಚಿತ್ರ. ಗುರುತೇನೂ ಕಾಣದ ಚಿತ್ರವನ್ನೂ ಪಟ್ಟಿಗೆ ಸೇರಿಸಿ. "2003ರಲ್ಲಿ ಏನೂ ಕಾಣಲಿಲ್ಲ, ಆಗ ಅಲ್ಲಿ ಹುಲ್ಲಿತ್ತು" ಅನ್ನುವುದೂ ಒಂದು ಮಾಹಿತಿಯೇ. ಕಾಣಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲ ಅಂತಲ್ಲ.

ಹೆಜ್ಜೆ 6: ನೋಡಲು ಕೂಡಿ

ವೈಮಾನಿಕ ಪುರಾತತ್ವಕ್ಕೆ ಬುನಾದಿ ಹಾಕಿದವರಲ್ಲಿ ಓ. ಜಿ. ಎಸ್. ಕ್ರಾಫರ್ಡ್ ದೊಡ್ಡ ಹೆಸರು. 1923ರಲ್ಲಿ ವಾಯುಪಡೆಯ ಫೋಟೋಗಳನ್ನು ನೋಡುತ್ತಾ ಸ್ಟೋನ್‌ಹೆಂಜ್‌ನ ಹಳೆಯ ಹಾದಿಯ ಕಣ್ಮರೆಯಾಗಿದ್ದ ಭಾಗವನ್ನು ಗುರುತಿಸಿದ್ದು ಅವರೇ. ಜಮಖಾನದ ಮೇಲೆ ಕೂತ ಬೆಕ್ಕಿಗೆ ಬರೀ ದಾರದ ಬಣ್ಣ ಕಾಣುತ್ತದೆ, ನಿಂತು ನೋಡುವ ಮನುಷ್ಯನಿಗೆ ಇಡೀ ಚಿತ್ತಾರ ಕಾಣುತ್ತದೆ ಅನ್ನುವ ಹೋಲಿಕೆ ಅವರದು. ಪರದೆಯ ಮೇಲೂ ಅಷ್ಟೇ. ತೀರಾ ಹತ್ತಿರಕ್ಕೆ ಜೂಮ್ ಮಾಡಿದರೆ ನೀವೂ ಆ ಬೆಕ್ಕಿನ ಥರವೇ.

ಹಾಗಾಗಿ ಮೊದಲು ದೂರದಿಂದ ನೋಡಿ. ಇಡೀ ಹೊಲ, ಪಕ್ಕದ ನಾಲ್ಕು ಹೊಲ ಒಟ್ಟಿಗೆ ಕಾಣಲಿ. ಉತ್ತ ಗೆರೆಗಳು ಯಾವ ಕಡೆಗಿವೆ, ಟ್ರ್ಯಾಕ್ಟರ್ ಜಾಡು ಎಲ್ಲಿದೆ, ನೀರು ನಿಲ್ಲುವ ತಗ್ಗು ಎಲ್ಲಿದೆ ಎಲ್ಲ ಗುರುತಿಸಿಕೊಳ್ಳಿ. ಇವನ್ನು ಮನಸ್ಸಿನಲ್ಲಿ ಪಕ್ಕಕ್ಕಿಟ್ಟ ಮೇಲೆ ಉಳಿಯುವುದನ್ನು ಹುಡುಕಿ.

ಒಂದು ಒಳ್ಳೆಯ ಚಿತ್ರ ಹತ್ತಿರದಿಂದ ಹೀಗಿರುತ್ತದೆ. ಬಾರ್ಲಿ ಹೊಲ, ತಿಳಿ ಹಳದಿ. ಟ್ರ್ಯಾಕ್ಟರಿನ ಎರಡೆರಡು ಗೆರೆ ಉದ್ದಕ್ಕೆ ಹೋಗಿವೆ. ಅವುಗಳ ನಡುವೆ ಅರ್ಧ ಅಳಿಸಿದ ಪೆನ್ಸಿಲ್ ಚುಕ್ಕೆಗಳ ಹಾಗೆ ಸಣ್ಣ ಹಸಿರು ಬೊಟ್ಟುಗಳು. ಮೂರು ಕಾಣುತ್ತವೆ, ಆಮೇಲೆ ಒಂದು ಇಲ್ಲ, ಮತ್ತೆ ನಾಲ್ಕು. ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಸಾಲು ಬಾಗುತ್ತಿದೆ ಅಂತ ಅರಿವಾಗುತ್ತದೆ. ಬೊಟ್ಟುಗಳ ನಡುವಿನ ಅಂತರ ಹೆಚ್ಚುಕಮ್ಮಿ ಒಂದೇ. ಅಷ್ಟು ಹೊತ್ತಿಗೆ ಎದೆ ಸ್ವಲ್ಪ ಜೋರಾಗಿ ಬಡಿದುಕೊಳ್ಳುತ್ತಿರುತ್ತದೆ. ಆಗಲೇ ನಿಧಾನಿಸಬೇಕು. ಪರದೆಯಿಂದ ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಆಮೇಲೆ ಅದೇ ಹೊಲದ ಬೇರೆ ವರ್ಷದ ಚಿತ್ರ ತೆಗೆದು, ಅದೇ ಜಾಗದಲ್ಲಿ ಅದೇ ಬೊಟ್ಟುಗಳು ಇವೆಯೇ ನೋಡಿ.

ಎರಡು ವರ್ಷ, ಬೇರೆ ಬೇರೆ ಬೆಳೆ, ಅದೇ ಚುಕ್ಕೆ ಅಂದರೆ ಅದು ನೆಲದ ಕೆಳಗಿನದು. ಒಂದೇ ವರ್ಷ ಕಂಡದ್ದಾದರೆ "ಇರಬಹುದು" ಅಂತ ಮಾತ್ರ ಬರೆಯಿರಿ.

ಕಣ್ಣು ಪಳಗಿಸಲು ಗೊತ್ತಿರುವ ಜಾಗಗಳಿಂದ ಶುರುಮಾಡಿ. ವುಡ್‌ಹೆಂಜ್‌ನ 1926ರ ಚಿತ್ರ ಪಕ್ಕದಲ್ಲಿಟ್ಟುಕೊಂಡು ಇವತ್ತಿನ ಉಪಗ್ರಹ ಚಿತ್ರದಲ್ಲಿ ಆ ಸುತ್ತುಗಳನ್ನು ಎಣಿಸಿ. ಉತ್ತರ ಗೊತ್ತಿರುವ ಲೆಕ್ಕ ಬಿಡಿಸಿದ ಹಾಗೆ ಇದು.

ಹೆಜ್ಜೆ 7: ಮೋಸ ಮಾಡುವ ಗುರುತುಗಳನ್ನು ಬೇರ್ಪಡಿಸಿ

ಹೊಲದಲ್ಲಿ ದುಂಡಗಿರುವುದೆಲ್ಲ ಸ್ಮಾರಕವಲ್ಲ. ಅಣಬೆ ಜಾತಿಯ ಶಿಲೀಂಧ್ರ ಹುಲ್ಲಿನಲ್ಲಿ ಅಚ್ಚುಕಟ್ಟಾದ ಉಂಗುರ ಮಾಡುತ್ತದೆ. ಗೂಟಕ್ಕೆ ಕಟ್ಟಿದ ದನ ಸುತ್ತ ತುಳಿದರೂ ವೃತ್ತ. ಎರಡನೇ ಮಹಾಯುದ್ಧದ ಸರ್ಚ್‌ಲೈಟ್ ನೆಲೆಗಳೂ ದುಂಡಗೆ ಕಾಣುತ್ತವೆ. ಬಿದ್ದ ಮರದ ಬೇರು ಕಿತ್ತುಬಂದ ಗುಂಡಿ ಚುಕ್ಕೆಯಾಗಿ ಕಾಣುತ್ತದೆ, ಆದರೆ ಅದಕ್ಕೆ ಸಾಲೂ ಇಲ್ಲ, ಅಳತೆಯೂ ಇಲ್ಲ. ಗರಸು ನೆಲದಲ್ಲಿ ಹಿಮಯುಗದ ಬಿರುಕುಗಳು ಬಲೆಯ ಹಾಗೆ ಹರಡಿರುತ್ತವೆ. ಹೊಸಬರು ಜಾಸ್ತಿ ಎಡವುವುದು ಅಲ್ಲೇ.

ಕಲಿಯುತ್ತಿದ್ದ ದಿನಗಳಲ್ಲಿ ನಾನೂ ಒಂದು ಹುಲ್ಲುಗಾವಲಿನ ಉಂಗುರದ ಹಿಂದೆ ಎರಡು ಸಂಜೆ ಕಳೆದೆ. ಅಗಲ ಅಳೆದೆ, ಚುಕ್ಕೆ ಎಣಿಸಿದೆ, ಟಿಪ್ಪಣಿಯನ್ನೂ ಬರೆದೆ. ಮೂರನೇ ದಿನ ಹಿಂದಿನ ವರ್ಷದ ಚಿತ್ರ ತೆರೆದರೆ ಅದೇ ಜಾಗದಲ್ಲಿ ದನಗಳಿಗೆ ಮೇವು ಹಾಕುವ ದುಂಡನೆಯ ಕಬ್ಬಿಣದ ಚೌಕಟ್ಟು ಇತ್ತು. ಸುತ್ತ ದನಗಳೂ ನಿಂತಿದ್ದವು. ಅಂದಿನಿಂದ ಹಿಂದಿನ ವರ್ಷದ ಚಿತ್ರವನ್ನು ಮೊದಲು ತೆರೆಯುತ್ತೇನೆ, ಅಳತೆಯ ಕೆಲಸ ಆಮೇಲೆ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು: ಗುರುತು ಹೊಲದ ಬದು ದಾಟಿ ಆಚೆಗೂ ಹೋಗುತ್ತದೆಯೇ? ಹೋದರೆ ಅದು ಬದುವಿಗಿಂತ ಹಳೆಯದಿರಬಹುದು. ಉಳುಮೆಯ ದಿಕ್ಕಿಗೆ ಸಮನಾಗಿದೆಯೇ? ಸಮನಾಗಿದ್ದರೆ ಅನುಮಾನಿಸಿ. ಚುಕ್ಕೆಗಳ ಅಂತರ ಒಂದೇ ಸಮ ಇದೆಯೇ? ಇದ್ದರೆ ಯಾರೋ ಅಳೆದು ಮಾಡಿದ್ದು.

ಹೆಜ್ಜೆ 8: ಚಿತ್ರವನ್ನು ನಕ್ಷೆಗೆ ಕೂರಿಸಿ

ಓರೆ ಚಿತ್ರದಲ್ಲಿ ವೃತ್ತ ಅಂಡಾಕಾರವಾಗಿ ಕಾಣುತ್ತದೆ. ಅದನ್ನು ನೆಟ್ಟಗೆ ಮಾಡದೆ ಅಳೆದರೆ ಎಲ್ಲವೂ ತಪ್ಪಾಗುತ್ತದೆ. ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶ ಸಾಕು. ಅದರ ಜಿಯೋರೆಫರೆನ್ಸರ್‌ನಲ್ಲಿ ಚಿತ್ರ ತೆರೆಯಿರಿ. ಬ್ರಿಟನ್ ಆದರೆ ನಿರ್ದೇಶಾಂಕ ವ್ಯವಸ್ಥೆ ಇಪಿಎಸ್‌ಜಿ 27700.

ಈಗ ಚಿತ್ರದಲ್ಲೂ ನಕ್ಷೆಯಲ್ಲೂ ಕಾಣುವ ಒಂದೇ ಜಾಗಗಳನ್ನು ಜೋಡಿ ಜೋಡಿಯಾಗಿ ಗುರುತಿಸಿ. ಕನಿಷ್ಠ ನಾಲ್ಕು ಬೇಕು, ಆರೆಂಟು ಇದ್ದರೆ ಒಳ್ಳೆಯದು. ಹೊಲದ ಮೂಲೆ, ರಸ್ತೆ ಕೂಡುವ ಜಾಗ, ಕಟ್ಟಡದ ಬುಡ, ವಿದ್ಯುತ್ ಕಂಬದ ಬುಡ ಒಳ್ಳೆಯ ಗುರುತುಗಳು. ಮನೆಯ ಸೂರು, ಮರದ ತುದಿ ಬೇಡ. ಎತ್ತರದ ವಸ್ತುಗಳು ಓರೆ ಚಿತ್ರದಲ್ಲಿ ವಾಲಿರುತ್ತವೆ. ಗುರುತುಗಳು ಸ್ಮಾರಕದ ನಾಲ್ಕೂ ಕಡೆ ಇರಲಿ. ಎಲ್ಲವೂ ಒಂದೇ ಪಕ್ಕಕ್ಕೆ ಬಿದ್ದರೆ ಇನ್ನೊಂದು ಪಕ್ಕ ಎಳೆದುಕೊಂಡು ಹೋಗುತ್ತದೆ.

ಸಮತಟ್ಟು ಹೊಲಕ್ಕೆ ಪ್ರೊಜೆಕ್ಟಿವ್ ಅನ್ನುವ ವಿಧಾನ ಆರಿಸಿ. ಥಿನ್ ಪ್ಲೇಟ್ ಸ್ಪ್ಲೈನ್ ಅನ್ನುವುದು ಆಸೆ ಹುಟ್ಟಿಸುತ್ತದೆ, ಯಾಕೆಂದರೆ ಅದು ದೋಷವನ್ನು ಸೊನ್ನೆ ಅಂತ ತೋರಿಸುತ್ತದೆ. ನಿಜದಲ್ಲಿ ನಿಮ್ಮ ಗುರುತುಗಳಿಗೆ ಸರಿಹೊಂದಲು ಚಿತ್ರವನ್ನು ರಬ್ಬರಿನ ಹಾಗೆ ಎಳೆದಿರುತ್ತದೆ. ನಡುವಿನ ಚುಕ್ಕೆಗಳು ಎಲ್ಲಿಗೆ ಹೋದವು ಅಂತ ಹೇಳುವವರಿಲ್ಲ. ಪ್ರೊಜೆಕ್ಟಿವ್‌ನಲ್ಲಿ ಒಂದೆರಡು ಮೀಟರ್ ದೋಷ ಬಂದರೂ ಅದು ನಂಬಬಹುದಾದ ದೋಷ. ಅದನ್ನು ಬರೆದಿಡಿ. ನೆಲ ಇಳಿಜಾರಾಗಿದ್ದರೆ ಈ ವಿಧಾನ ಸಾಲದು. ಲೈಡಾರ್‌ನಿಂದ (ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲ ಅಳೆಯುವ ವಿಧಾನ) ಬಂದ ನೆಲದ ಎತ್ತರದ ಲೆಕ್ಕವನ್ನೂ ಸೇರಿಸಬೇಕಾಗುತ್ತದೆ.

ಹೆಜ್ಜೆ 9: ಗುಂಡಿ ಎಣಿಸಿ, ಅಳೆಯಿರಿ

ಪ್ರತಿ ಗುಂಡಿಗೂ ಒಂದು ಬಿಂದು ಹಾಕಿ. ಪಕ್ಕದಲ್ಲಿ ಅಗಲ, ಯಾವ ಚಿತ್ರದಲ್ಲಿ ಕಂಡಿತು, ಎಷ್ಟು ಖಚಿತ ಅನ್ನುವ ಮೂರು ಅಂಕಣಗಳಿರಲಿ. ಖಚಿತತೆಗೆ 1ರಿಂದ 3ರವರೆಗೆ ಅಂಕ ಕೊಟ್ಟರೆ ಸಾಕು. ಕಾಣದ ಗುಂಡಿಯನ್ನು ತುಂಬಿಸಬೇಡಿ. "ಇಲ್ಲೊಂದು ಇರಲೇಬೇಕು" ಅನ್ನಿಸುತ್ತದೆ, ಕೈ ತಡೆಯುವುದಿಲ್ಲ. ಆದರೆ ಆ ಖಾಲಿ ಜಾಗವೇ ಬಾಗಿಲಾಗಿರಬಹುದು.

ಬೆಳೆಯಲ್ಲಿ ಕಾಣುವ ಚುಕ್ಕೆ ನಿಜವಾದ ಗುಂಡಿಗಿಂತ ಅಗಲ ಕಾಣಬಹುದು, ಗುಂಡಿ ಅದರೊಳಗಿನ ಕಂಬಕ್ಕಿಂತ ಅಗಲ. ಆದ್ದರಿಂದ ಚುಕ್ಕೆಯ ಅಗಲದಿಂದ ಕಂಬದ ದಪ್ಪ ಹೇಳಲು ಹೋಗಬೇಡಿ. ಆಳವಂತೂ ಫೋಟೋದಿಂದ ತಿಳಿಯುವುದೇ ಇಲ್ಲ. ವುಡ್‌ಹೆಂಜ್‌ನ ದೊಡ್ಡ ಕಂಬಗಳು ನೆಲದ ಮೇಲೆ 7.5 ಮೀಟರ್‌ವರೆಗೂ ಇದ್ದಿರಬಹುದು ಅನ್ನುವ ಅಂದಾಜು ಬಂದದ್ದು ಅಗೆದ ಮೇಲೆ, 2 ಮೀಟರ್ ಆಳದ ಗುಂಡಿ ನೋಡಿ.

ಚುಕ್ಕೆ ದುಂಡಗಿಲ್ಲದೆ ಒಂದು ಕಡೆ ಬಾಲ ಬಿಟ್ಟಂತೆ ಕಂಡರೆ ಆ ದಿಕ್ಕನ್ನೂ ಬರೆದಿಡಿ. ಟನ್‌ಗಟ್ಟಲೆ ತೂಕದ ಕಂಬವನ್ನು ಎತ್ತಿ ಇಳಿಸಲಾಗುವುದಿಲ್ಲ, ಜಾರಿಸಬೇಕು. ಅದಕ್ಕೆ ಗುಂಡಿಯ ಒಂದು ಪಕ್ಕ ಇಳಿಜಾರು ತೋಡುತ್ತಿದ್ದರು. ವುಡ್‌ಹೆಂಜ್, ಡನ್‌ರಾಗಿಟ್, ಫೋರ್ಟಿವಿಯಟ್ ಎಲ್ಲದರಲ್ಲೂ ಅಗೆತದಲ್ಲಿ ಇಂಥ ಇಳಿಜಾರುಗಳು ಸಿಕ್ಕಿವೆ. ಕಂಬ ಯಾವ ಕಡೆಯಿಂದ ಬಂತು ಅನ್ನುವುದು ಅದರಿಂದ ತಿಳಿಯುತ್ತದೆ. ಗುಂಪುಗಟ್ಟಿದ ಜನ, ಹಗ್ಗ, ಕೂಗು, ಜಾರುತ್ತಾ ಬಂದು ದಢ್ ಅಂತ ಕೂತ ಕಂಬ. ಒಂದು ಬೊಟ್ಟಿನ ಬಾಲದಲ್ಲಿ ಇಷ್ಟೆಲ್ಲ ಇದೆ.

ಅಂತರವೂ ಮಾತಾಡುತ್ತದೆ. ಹಿಂಡ್‌ವೆಲ್ ಬೇಲಿಯ ಸುತ್ತಳತೆ ಸುಮಾರು 2.3 ಕಿ.ಮೀ., ಕಂಬಗಳು ಸುಮಾರು 1,400. ಭಾಗಿಸಿದರೆ ಕಂಬದ ನಡುವಿನಿಂದ ಕಂಬದ ನಡುವಿಗೆ ಸರಾಸರಿ 1.6 ಮೀಟರ್ ಬರುತ್ತದೆ. ದಪ್ಪ ಓಕ್ ಕಂಬಗಳನ್ನು ಅಷ್ಟು ಹತ್ತಿರ ನೆಟ್ಟರೆ ಹೊರಗಿನಿಂದ ಒಳಗೆ ನೋಡುವುದೇ ಕಷ್ಟ. ನೂರಾರು ಎಕರೆ ಕಾಡು ಅದಕ್ಕೆ ಹೋಗಿರಬಹುದಲ್ವಾ ಅಂತ ಯೋಚನೆ ಬರುತ್ತದೆ. ಇಂಥ ಪ್ರಶ್ನೆ ಹುಟ್ಟುವುದೇ ಎಣಿಸಿದ ಮೇಲೆ.

ಸೂರ್ಯನ ದಿಕ್ಕಿನ ಬಗ್ಗೆ ಒಂದು ಎಚ್ಚರಿಕೆ. ವುಡ್‌ಹೆಂಜ್‌ನ ಉದ್ದನೆಯ ಅಕ್ಷ ಬೇಸಿಗೆಯ ದೀರ್ಘ ಹಗಲಿನ ಸೂರ್ಯೋದಯದ ಕಡೆಗಿದೆ. ಜರ್ಮನಿಯ ಗೋಸೆಕ್‌ನಲ್ಲಿ ಎರಡು ಬಾಗಿಲುಗಳು ಚಳಿಗಾಲದ ಅತಿ ಸಣ್ಣ ಹಗಲಿನ ಸೂರ್ಯೋದಯ, ಸೂರ್ಯಾಸ್ತಗಳಿಗೆ ಹೊಂದುತ್ತವೆ. ಸುಮಾರು 75 ಮೀಟರ್ ಅಗಲದ, ಕ್ರಿ.ಪೂ. 4900ರ ಆಸುಪಾಸಿನ ಆ ವೃತ್ತ 1991ರಲ್ಲಿ ವಿಮಾನದಿಂದ ಕಂಡದ್ದು. ಇವು ನಿಜ. ಆದರೆ ಹತ್ತಾರು ಕಂಬಗಳಿರುವ ವೃತ್ತದಲ್ಲಿ ಯಾವುದಾದರೂ ಎರಡು ಕಂಬ ಯಾವುದೋ ನಕ್ಷತ್ರಕ್ಕೆ ಹೊಂದಿಯೇ ಹೊಂದುತ್ತವೆ. ಬಾಗಿಲು, ಅಕ್ಷ ಇಂಥ ಮುಖ್ಯ ದಿಕ್ಕುಗಳನ್ನಷ್ಟೇ ನೋಡಿ.

ಹೆಜ್ಜೆ 10: ಕಾಲ ಹೇಳಲು ಆತುರ ಬೇಡ

ಸ್ಕಾಟ್ಲೆಂಡಿನ ಡೀ ನದಿ ದಡದಲ್ಲಿ ಬಾಲ್‌ಬ್ರಿಡಿ ಅನ್ನುವ ಜಾಗವಿದೆ. 1976ರ ಬರದಲ್ಲಿ ಅಲ್ಲಿನ ಹೊಲದಲ್ಲಿ ಸುಮಾರು 24 ಮೀಟರ್ ಉದ್ದ, 12 ಮೀಟರ್ ಅಗಲದ ದೊಡ್ಡ ಮರದ ಕಟ್ಟಡದ ಗುರುತು ಕಂಡಿತು. ಆಕಾರ ನೋಡಿ, ಮಧ್ಯಯುಗದ ಆರಂಭದ ಸಭಾಮನೆ ಇರಬೇಕು ಅಂತ ತಿಳಿದವರು ಅಂದುಕೊಂಡರು. ಅಂಥ ಮನೆಗಳು ಬೇರೆ ಕಡೆ ಸಿಕ್ಕಿದ್ದವು. ಅಗೆದು, ಸುಟ್ಟ ಮರವನ್ನು ಕಾರ್ಬನ್ ಪರೀಕ್ಷೆಗೆ ಕೊಟ್ಟರೆ ಬಂದ ಉತ್ತರ ನವಶಿಲಾಯುಗ. ಸುಮಾರು 5,700 ವರ್ಷ ಹಳೆಯದು! ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷದ ವ್ಯತ್ಯಾಸ. ಒಳಗೆ 20,000ಕ್ಕೂ ಹೆಚ್ಚು ಸುಟ್ಟ ಧಾನ್ಯದ ಕಾಳುಗಳೂ ಸಿಕ್ಕವು.

ಅದನ್ನು ನೋಡಿದವರು ದಡ್ಡರಲ್ಲ, ಆ ಕಾಲದ ಒಳ್ಳೆಯ ಕಣ್ಣುಗಳು. ಆಕಾರ ನೋಡಿ ಕಾಲ ಹೇಳುವುದರಲ್ಲೇ ಅಪಾಯ ಇತ್ತು. ನಿಮ್ಮ ವರದಿಯಲ್ಲಿ "ಆಕಾರ ಇಂಥದನ್ನು ಹೋಲುತ್ತದೆ" ಅಂತ ಬರೆಯಿರಿ. "ಇದು ಇಂಥ ಕಾಲದ್ದು" ಅಂತ ಬೇಡ.

ಹೆಜ್ಜೆ 11: ನೆಲದ ಮೇಲೆ ತಾಳೆ ನೋಡಿ

ಮೊದಲು ಲೈಡಾರ್. ಇಂಗ್ಲೆಂಡಿನ ಪರಿಸರ ಸಂಸ್ಥೆಯ ಲೈಡಾರ್ ಮಾಹಿತಿ ಉಚಿತ. ಕಂಬದ ಗುಂಡಿ ಅದರಲ್ಲಿ ಕಾಣದಿದ್ದರೂ ಸುತ್ತಲಿನ ಕಂದಕ, ದಿಬ್ಬದ ಅವಶೇಷ ಕಾಣಬಹುದು.

ಆಮೇಲೆ ಮ್ಯಾಗ್ನೆಟೋಮೀಟರ್ ಸಮೀಕ್ಷೆ, ಅಂದರೆ ಮಣ್ಣಿನ ಕಾಂತಗುಣದ ವ್ಯತ್ಯಾಸ ಅಳೆದು ನೆಲದಡಿಯ ಗುಂಡಿ ಪತ್ತೆ ಮಾಡುವುದು. ಇದು ತಂಡದ ಕೆಲಸ, ಸಲಕರಣೆ ಬೇಕು. ಫಲ ಎಂಥದ್ದು ಅನ್ನಲು ಸ್ಟ್ಯಾಂಟನ್ ಡ್ರೂ ಸಾಕು. ಸಾಮರ್‌ಸೆಟ್‌ನ ಆ ಕಲ್ಲಿನ ವೃತ್ತದ ಒಳಗೆ 1997ರಲ್ಲಿ ಒಂಬತ್ತು ಸುತ್ತು ಗುಂಡಿಗಳು ಸಿಕ್ಕವು. ಅಲ್ಲಿರುವುದು ಹುಲ್ಲುಗಾವಲು, ಬೆಳೆಯ ಸುಳಿವು ಸಿಗುವ ಜಾಗವೇ ಅಲ್ಲ. ಆಕಾಶದ ಕಣ್ಣು ಸೋತ ಕಡೆ ಈ ಯಂತ್ರ ಗೆಲ್ಲುತ್ತದೆ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಸ್ಮಾರಕದ ಮೇಲೆ ಇಂಥ ಸಮೀಕ್ಷೆ ಮಾಡಲು 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು.

ಡ್ರೋನ್ ಇದ್ದರೆ ಒಳ್ಳೆಯದು. ಬ್ರಿಟನ್ನಿನಲ್ಲಿ 120 ಮೀಟರ್ ಮೇಲೆ ಹೋಗುವಂತಿಲ್ಲ. ನೋಂದಣಿ ನಿಯಮ ನೋಡಿಕೊಳ್ಳಿ, ಹೊಲದವರನ್ನು ಕೇಳಿ. ಸ್ಟೋನ್‌ಹೆಂಜ್ ಸುತ್ತ ಸೇನೆಯ ವಿಮಾನಗಳು ಹಾರುತ್ತವೆ, ಅಲ್ಲಿ ಇನ್ನೂ ಹುಷಾರು. ಬೆಳಗ್ಗೆಯೋ ಸಂಜೆಯೋ ಬಿಸಿಲು ಓರೆಯಾಗಿದ್ದಾಗ ವೃತ್ತದ ಸುತ್ತ ಎಲ್ಲ ದಿಕ್ಕಿನಿಂದಲೂ ತೆಗೆಯಿರಿ. ಒಂದು ಕಡೆಯಿಂದ ಕಾಣದ ಚುಕ್ಕೆ ಇನ್ನೊಂದು ಕಡೆಯಿಂದ ಹೊಳೆಯುತ್ತದೆ. ನಕ್ಷೆಗೆಂದು ನೆಟ್ಟಗೆ ಕೆಳಕ್ಕೆ ತೆಗೆಯುವಾಗ ಒಂದರ ಮೇಲೆ ಒಂದು ಶೇ. 70-80 ಕವಿಯಲಿ. ನಾಲ್ಕೈದು ದಿನ ಬಿಟ್ಟು ಮತ್ತೆ ಹೋಗಿ. ಪೈರು ದಿನದಿನಕ್ಕೂ ಬದಲಾಗುತ್ತದೆ. ಒಂದು ಜೋರು ಮಳೆ ಬಂದರೆ ಮುಗಿಯಿತು.

ಹೆಜ್ಜೆ 12: ತಿಳಿಸಬೇಕಾದವರಿಗೆ ತಿಳಿಸಿ

ಹೊಸದೇನೋ ಕಂಡಿದೆ ಅನ್ನಿಸಿದರೆ ಮೊದಲು ಆ ಜಾಗ ಈಗಾಗಲೇ ದಾಖಲೆಯಲ್ಲಿದೆಯೇ ನೋಡಿ. ಇಂಗ್ಲೆಂಡಿಗೆ ಹೆರಿಟೇಜ್ ಗೇಟ್‌ವೇ ತಾಣವಿದೆ. ಬಹಳ ಸಲ ಯಾರೋ ಮೊದಲೇ ನೋಡಿರುತ್ತಾರೆ. ಬೇಸರ ಬೇಡ, ನಿಮ್ಮ ಕಣ್ಣು ಸರಿಯಾಗಿದೆ ಅಂತ ಅರ್ಥ. ದಾಖಲೆಯಲ್ಲಿ ಇಲ್ಲದಿದ್ದರೆ ಆ ಕೌಂಟಿಯ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್ ಕಚೇರಿಗೆ ಬರೆಯಿರಿ. ಚಿತ್ರ, ತಾರೀಖು, ನಿರ್ದೇಶಾಂಕ, ನಿಮ್ಮ ನಕ್ಷೆ, ನಕ್ಷೆಯ ದೋಷ ಎಷ್ಟು ಮೀಟರ್, ಗುರುತು ಕಾಣದ ವರ್ಷಗಳ ಪಟ್ಟಿ ಎಲ್ಲ ಜೊತೆಗಿರಲಿ.

ನಿಖರವಾದ ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ರಾತ್ರಿ ಹೊತ್ತು ಲೋಹಶೋಧಕ ಹಿಡಿದು ಬರುವವರಿದ್ದಾರೆ. ಹೊಲ ಒಬ್ಬರ ಬದುಕು, ಅದನ್ನು ತುಳಿದು ನೋಡಲು ಜನ ಬಂದರೆ ನಷ್ಟ ಅವರಿಗೆ. ಕಚೇರಿಗೆ ಬರೆಯುವ ಮುಂಚೆ ಹೊಲದ ಯಜಮಾನರನ್ನೇ ಹೋಗಿ ಮಾತಾಡಿಸಿದರೆ ಇನ್ನೂ ಚೆನ್ನ. ಫೋಟೋ ತೋರಿಸಿ, ಆ ಜಾಗದಲ್ಲಿ ಪೈರು ಪ್ರತಿ ವರ್ಷವೂ ಹೀಗೇ ಇರುತ್ತದೆಯೇ, ಉಳುವಾಗ ಮಣ್ಣಿನ ಬಣ್ಣ ಬೇರೆ ಬರುತ್ತದೆಯೇ ಅಂತ ಕೇಳಿ. ಅವರು ಹೇಳಿದ್ದನ್ನು ತಾರೀಖು ಹಾಕಿ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.